ಚರ್ಚಿನ ಪಾರ್ಕಿಂಗ್ ಲಾಟಿನಲ್ಲಿ ಹ್ಯಾಲೋವೀನ್

ಅಕ್ಟೋಬರ್ ತಿಂಗಳ ಎರಡನೇ ವಾರ ಮುಗಿಯುತ್ತಿದ್ದ ಹಾಗೇ ಇಲ್ಲಿನ ಚರ್ಚುಗಳ ಮುಂದೆ ಹುಲ್ಲಿನ ಮೇಲೆ ಬೋರ್ಡುಗಳು ಏಳೋದಕ್ಕೆ ಶುರುವಾಗುತ್ತವೆ. 'ಫಾಲ್ ಫೆಸ್ಟಿವಲ್', 'ಹಾರ್ವೆಸ್ಟ್ ಪಾರ್ಟಿ', 'ಹಲ್ಲೆಲೂಯಾ ನೈಟ್', ಮತ್ತೆ ಎಲ್ಲಕ್ಕಿಂತ ಹೆಚ್ಚಾಗಿ 'ಟ್ರಂಕ್ ಆರ್ ಟ್ರೀಟ್'. ಓದೋಕೆ ಅಂತ ನಾನು ಮೊದಲು ಬಂದಿಳಿದ ನಾರ್ತ್ ಕೆರೊಲೈನಾದ ಶಾರ್ಲೆಟ್‌ನಲ್ಲಿ ನೋಡಿದ್ದೇನೆ, ಮೊದಲ ಕೆಲಸ ಸಿಕ್ಕ ಅಟ್ಲಾಂಟಾದಲ್ಲಿ ನೋಡಿದ್ದೇನೆ, ಈಗಿರುವ ವಾಷಿಂಗ್ಟನ್ ಡಿ.ಸಿ. ಪಕ್ಕದ ವರ್ಜೀನಿಯಾದಲ್ಲೂ ನೋಡ್ತಾ ಇದ್ದೇನೆ. ದಿನಾಂಕ ಅಕ್ಟೋಬರ್ 31 ಅಥವಾ ಅದರ ಹಿಂದಿನ ಶನಿವಾರ. ಮಕ್ಕಳಿಗೆ ವೇಷ, ಚೀಲದ ತುಂಬ ಕ್ಯಾಂಡಿ, ಎಲ್ಲಾ ಇದೆ. ಆದರೆ ಎಷ್ಟೋ ಬೋರ್ಡುಗಳಲ್ಲಿ 'ಹ್ಯಾಲೋವೀನ್' ಅನ್ನೋ ಪದ ಮಾತ್ರ ಇರೋದಿಲ್ಲ! ಹಿಂದಿನ ಕಾಲದ ಹೆಂಗಸರು ಗಂಡನ ಹೆಸರು ಬಾಯಲ್ಲಿ ಹೇಳದೆ 'ನಮ್ಮನೆಯವರು' ಅಂತಿದ್ದರಲ್ಲ, ಹಾಗೆ.

ಇದೇನಪ್ಪಾ, ಹಬ್ಬ ಮಾಡೋದೂ ಹೌದು, ಹೆಸರು ಹೇಳೋಕೆ ಮುಜುಗರ ಪಡೋದೂ ಹೌದು ಅಂತ ಯೋಚಿಸ್ತಾ ಹೋದಾಗ ಸಿಕ್ಕ ವಿಷಯಗಳು ಬಹಳ. ಕೆಲವು ನಮ್ಮ ಅಂಗಳಕ್ಕೂ ಬಂದು ಬೀಳುವಂಥವು, ಅದಕ್ಕೇ ಬರೀತಾ ಇದ್ದೇನೆ.

ಊರಿನಲ್ಲಿ ಕೂತು ಓದುವವರಿಗಾಗಿ ಒಂದು ಮಾತು. ಹ್ಯಾಲೋವೀನ್ ರಾತ್ರಿ ಮಕ್ಕಳು ದೆವ್ವ, ಮಾಟಗಾತಿ, ಸ್ಪೈಡರ್‌ಮ್ಯಾನ್, ಹೀಗೆ ಏನೋ ಒಂದು ವೇಷ ಹಾಕಿಕೊಂಡು ಮನೆಮನೆಗೆ ಹೋಗಿ 'ಟ್ರಿಕ್ ಆರ್ ಟ್ರೀಟ್' ಅಂತ ಕೂಗ್ತಾರೆ, ಮನೆಯವರು ಕ್ಯಾಂಡಿ ಕೊಡ್ತಾರೆ. ಕುಂಬಳಕಾಯಿ ಕೆತ್ತಿ ಒಳಗೆ ದೀಪ ಇಟ್ಟು ಮನೆ ಮುಂದೆ ಇಡ್ತಾರೆ. (ಬೆಂಗಳೂರಿನಲ್ಲಿ ಹೊಸಮನೆ ಕಟ್ಟುವಾಗ ಬೂದುಗುಂಬಳಕ್ಕೆ ಕೋರೆಹಲ್ಲು, ಮೀಸೆ ಬರೆದು ನೇತು ಹಾಕುವ ನಮಗೆ ಇದರಲ್ಲಿ ಆಶ್ಚರ್ಯ ಪಡೋಕೆ ಏನೂ ಇಲ್ಲ.) 'ಟ್ರಂಕ್ ಆರ್ ಟ್ರೀಟ್' ಅಂದರೆ ಇದೇ ಆಟ, ಆದರೆ ಮನೆಗಳ ಬದಲು ಕಾರುಗಳು. ಚರ್ಚಿನ ಪಾರ್ಕಿಂಗ್ ಲಾಟಿನಲ್ಲಿ ಇಪ್ಪತ್ತು ಮೂವತ್ತು ಕಾರು, ವ್ಯಾನು, ಪಿಕಪ್ ಟ್ರಕ್ಕುಗಳನ್ನು ಹಿಮ್ಮುಖವಾಗಿ ಸಾಲಾಗಿ ನಿಲ್ಲಿಸಿ, ಡಿಕ್ಕಿ ತೆರೆದು ಅಲಂಕಾರ ಮಾಡ್ತಾರೆ. ಒಂದು ಡಿಕ್ಕಿ ನೋವನ ನಾವೆ, ಇನ್ನೊಂದು ಯೋನನನ್ನು ನುಂಗಿದ ದೊಡ್ಡ ಮೀನು, ಮತ್ತೊಂದು ದಾನಿಯೇಲನ ಸಿಂಹದ ಗುಹೆ. ಮಗು ಮೀನಿನ ಬಾಯೊಳಗೆ ಕೈ ಹಾಕಿದರೆ ಕ್ಯಾಂಡಿ ಸಿಗುತ್ತೆ. ಎಲ್ಲಾ ಮುಗಿಯೋಕೆ ಒಂದೂವರೆ ಗಂಟೆ, ಜೊತೆಗೆ ಹಾಟ್ ಡಾಗ್, ಪಾಪ್‌ಕಾರ್ನ್, ಗಾಳಿ ತುಂಬಿದ ಜಿಗಿಯುವ ಮನೆ. ಎಲ್ಲಾ ಪುಕ್ಕಟೆ.

ಈಗ ಇತಿಹಾಸಕ್ಕೆ ಬರೋಣ. ತಮಾಷೆ ಏನು ಅಂದ್ರೆ, ಹ್ಯಾಲೋವೀನ್ ಅನ್ನೋ ಹೆಸರೇ ಚರ್ಚಿನದು. ನವೆಂಬರ್ 1 ಸರ್ವ ಸಂತರ ದಿನ, 'ಆಲ್ ಹ್ಯಾಲೋಸ್'. ಅದರ ಹಿಂದಿನ ಸಂಜೆ 'ಆಲ್ ಹ್ಯಾಲೋಸ್ ಈವ್', ಅದೇ ಸವೆದು ಹ್ಯಾಲೋವೀನ್ ಆಯ್ತು. ನವೆಂಬರ್ 2 ಸತ್ತವರೆಲ್ಲರ ಆತ್ಮಗಳ ದಿನ. ಎಂಟನೇ ಶತಮಾನದಲ್ಲಿ ಮೂರನೇ ಗ್ರೆಗರಿ ಪೋಪ್ ರೋಮಿನಲ್ಲಿ ಎಲ್ಲ ಸಂತರ ಹೆಸರಿನಲ್ಲಿ ಒಂದು ಪೂಜಾಸ್ಥಳ ಮಾಡಿಸಿದ, ಒಂಬತ್ತನೇ ಶತಮಾನದಲ್ಲಿ ನಾಲ್ಕನೇ ಗ್ರೆಗರಿಯ ಕಾಲಕ್ಕೆ ನವೆಂಬರ್ 1 ಹಬ್ಬವಾಗಿ ಹರಡಿತು. ಐರ್ಲೆಂಡಿನ ಹಳೇ ಕೆಲ್ಟಿಕ್ ಜನರ 'ಸಾವಿನ್' ಅನ್ನೋ ಸುಗ್ಗಿ ಮುಗಿಯುವ ಹಬ್ಬವೂ ಇದೇ ಹೊತ್ತಿಗೆ ಬರ್ತಿತ್ತು. ಅದರ ಮೇಲೆ ಬೇಕೂಂತಲೇ ಚರ್ಚು ತನ್ನ ಹಬ್ಬ ಕೂರಿಸಿತು ಅಂತ ಎಲ್ಲರೂ ಹೇಳ್ತಾರೆ, ವಿರೋಧಿಸುವ ಪಾದ್ರಿಗಳೂ ಇದನ್ನೇ ಹೇಳ್ತಾರೆ. ಆದರೆ ಇತಿಹಾಸಕಾರರಲ್ಲಿ ಇದಕ್ಕೆ ಒಮ್ಮತ ಇಲ್ಲ. ಸ್ವತಃ ಐರ್ಲೆಂಡಿನವರೇ ಆಗ ಸರ್ವ ಸಂತರ ದಿನವನ್ನು ಏಪ್ರಿಲ್‌ನಲ್ಲಿ ಮಾಡ್ತಿದ್ದರು!

ಮಧ್ಯಯುಗದ ಇಂಗ್ಲೆಂಡಿನಲ್ಲಿ ಬಡವರು, ಮಕ್ಕಳು ಈ ದಿನಗಳಲ್ಲಿ ಮನೆಮನೆಗೆ ಹೋಗಿ 'ಸೋಲ್ ಕೇಕ್' ಅನ್ನೋ ಸಣ್ಣ ರೊಟ್ಟಿ ಬೇಡ್ತಿದ್ದರು, ಪ್ರತಿಯಾಗಿ ಆ ಮನೆಯ ಸತ್ತವರಿಗಾಗಿ ಪ್ರಾರ್ಥನೆ ಮಾಡ್ತಿದ್ದರು. ಸತ್ತ ಆತ್ಮಗಳು ಸ್ವರ್ಗಕ್ಕೆ ಹೋಗುವ ಮುಂಚೆ ಶುದ್ಧೀಕರಣದ ಒಂದು ಜಾಗದಲ್ಲಿ ಕಾಯಬೇಕು, ಬದುಕಿರುವವರ ಪ್ರಾರ್ಥನೆ, ದಾನಗಳಿಂದ ಆ ಕಾಯುವಿಕೆ ಕಡಿಮೆಯಾಗುತ್ತೆ ಅನ್ನೋ ನಂಬಿಕೆ. ನಮ್ಮ ಪಿತೃಪಕ್ಷದ ಕಥೆ ಗೊತ್ತಿರುವವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಎಳ್ಳು ನೀರು, ಪಿಂಡ, ಕಾಗೆಗೆ ಇಟ್ಟ ವಡೆ, ಬ್ರಾಹ್ಮಣಾರ್ಥ... ಇಲ್ಲಿನವರು ಕೊಟ್ಟಾಗ ಅಲ್ಲಿರುವವರಿಗೆ ಮುಟ್ಟುತ್ತೆ ಅನ್ನುವ ಲೆಕ್ಕಾಚಾರ.

ಇದೇ ಲೆಕ್ಕಾಚಾರದ ಮೇಲೆ ಕಲ್ಲು ಹಾಕಿದವನು ಮಾರ್ಟಿನ್ ಲೂಥರ್. ತಾರೀಖು ಯಾವುದು ಗೊತ್ತಾ? 1517ರ ಅಕ್ಟೋಬರ್ 31! ಜರ್ಮನಿಯ ವಿಟೆನ್‌ಬರ್ಗ್ ಕೋಟೆಯ ಚರ್ಚಿನ ಹೆಸರೇ ಸರ್ವ ಸಂತರ ಚರ್ಚು. ಅಲ್ಲಿನ ದೊರೆ ಫ್ರೆಡರಿಕ್ ಕೂಡಿಟ್ಟಿದ್ದ ಸಂತರ ಮೂಳೆ, ಬಟ್ಟೆ ಇತ್ಯಾದಿ ಸಾವಿರಾರು ಪವಿತ್ರ ವಸ್ತುಗಳನ್ನು ಸರ್ವ ಸಂತರ ದಿನ ದರ್ಶನಕ್ಕೆ ಇಡ್ತಿದ್ದರು, ನೋಡಿದವರಿಗೆ ಪಾಪವಿಮೋಚನೆಯ ರಿಯಾಯಿತಿ. ಕಾಸು ಕೊಟ್ಟರೆ ಸತ್ತ ಅಪ್ಪ ಅಮ್ಮನಿಗೂ ರಿಯಾಯಿತಿ ಕೊಳ್ಳಬಹುದು ಅಂತ ಮಾರಾಟಗಾರರು ಊರೂರು ಸುತ್ತುತ್ತಿದ್ದ ಕಾಲ ಅದು. ಲೂಥರ್ ತನ್ನ 95 ವಾದಗಳನ್ನು ಬರೆದದ್ದು ಈ ವ್ಯಾಪಾರದ ವಿರುದ್ಧ. ಚರ್ಚಿನ ಬಾಗಿಲಿಗೆ ಮೊಳೆ ಹೊಡೆದನೋ ಇಲ್ಲವೋ ಅನ್ನೋದರ ಬಗ್ಗೆ ಇನ್ನೂ ಜಗಳ ಇದೆ. ಅದೇ ದಿನ ಆರ್ಚ್‌ಬಿಷಪ್ಪನಿಗೆ ಪತ್ರ ಹಾಕಿದ್ದು ಮಾತ್ರ ಖಾತ್ರಿ. ಹಾಗಾಗಿ ಇವತ್ತಿಗೂ ಲೂಥರನ್ ಚರ್ಚುಗಳಿಗೆ ಅಕ್ಟೋಬರ್ 31 'ರಿಫರ್ಮೇಶನ್ ಡೇ'. 2017ರಲ್ಲಿ ಐನೂರು ವರ್ಷ ತುಂಬಿದಾಗ ಜಗತ್ತಿನಾದ್ಯಂತ ದೊಡ್ಡ ಆಚರಣೆಯೇ ಆಯ್ತು. ಹ್ಯಾಲೋವೀನಿಗೆ ಪರ್ಯಾಯ ಹುಡುಕುವ ಪ್ರೊಟೆಸ್ಟಂಟರಲ್ಲಿ ಕೆಲವರು ಮಕ್ಕಳಿಗೆ ಮಾರ್ಟಿನ್ ಲೂಥರ್ ವೇಷ ಹಾಕಿಸೋದೂ ಉಂಟು. ಗಡ್ಡ ಇಲ್ಲದ ಸನ್ಯಾಸಿ, ಕೈಯಲ್ಲೊಂದು ಸುತ್ತಿಗೆ!

ನನಗೆ ಹೊಳೆದ ಮುಖ್ಯ ವಿಷಯ ಇದು. ಲೂಥರನ ನಂತರದ ಪ್ರೊಟೆಸ್ಟಂಟರು ಆ ಕಾಯುವ ಜಾಗವನ್ನೇ ತೆಗೆದುಹಾಕಿದರು. ಸತ್ತವರು ಒಂದೋ ದೇವರ ಹತ್ತಿರ, ಇಲ್ಲಾ ನರಕದಲ್ಲಿ. ಮಧ್ಯೆ ಅಲೆದಾಡುವ ಪ್ರಶ್ನೆಯೇ ಇಲ್ಲ. ಹಾಗಾದರೆ ರಾತ್ರಿ ಕಾಣಿಸಿಕೊಳ್ಳುವ ದೆವ್ವ ಯಾರು? ಸತ್ತ ಅಜ್ಜಿ ಅಂತೂ ಅಲ್ಲ. ಉಳಿಯೋದು ಒಂದೇ ಉತ್ತರ, ಅದು ಸೈತಾನನ ಕಡೆಯವರು. ನಮ್ಮಲ್ಲಿ ದೆವ್ವಕ್ಕೆ ಸಂಬಂಧ ಇದೆ, ಹೆಸರಿದೆ, ತೀರದ ಆಸೆ ಇದೆ. ಏನೋ ಕೊಟ್ಟು ಸಮಾಧಾನ ಮಾಡಿ ಕಳಿಸ್ತೀವಿ. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದು ದೆವ್ವಕ್ಕೇ ಟೋಪಿ ಹಾಕಿದ ಜನ ನಾವು. ಇಲ್ಲಿನ ಬ್ಯಾಪ್ಟಿಸ್ಟ್ ಪಾದ್ರಿಗೆ ಆ ತರಹದ ಚೌಕಾಸಿಗೆ ಅವಕಾಶವೇ ಇಲ್ಲ. ಬೈಬಲ್ಲಿನ ಧರ್ಮೋಪದೇಶಕಾಂಡದ 18ನೇ ಅಧ್ಯಾಯದಲ್ಲಿ ಮಾಟ, ಕಣಿ, ಸತ್ತವರನ್ನು ಕರೆಯುವುದು ಎಲ್ಲಕ್ಕೂ ನಿಷೇಧ ಇದೆ, ಹ್ಯಾಲೋವೀನ್ ಬೇಡ ಅನ್ನುವವರು ಮೊದಲು ತೆಗೆಯೋದೇ ಆ ಪುಟ. ಹೊರಗಿನಿಂದ ನೋಡಿದರೆ 'ಮಕ್ಕಳ ಆಟಕ್ಕೆ ಇಷ್ಟ್ಯಾಕೆ ತಲೆ ಕೆಡಿಸ್ಕೋತಾರೆ' ಅನ್ನಿಸುತ್ತೆ. ಅವರ ತರ್ಕದ ಒಳಗೆ ನಿಂತು ನೋಡಿದರೆ ತಲೆ ಕೆಡಿಸಿಕೊಳ್ಳೋದು ಸಹಜ.

ಸತ್ತವರನ್ನ ಅವರು ನೆನೆಯೋದೇ ಇಲ್ಲ ಅಂತಲ್ಲ. ನಾರ್ತ್ ಕೆರೊಲೈನಾದ ವಿನ್‌ಸ್ಟನ್-ಸೇಲಂನಲ್ಲಿ ಮೊರೇವಿಯನ್ ಪಂಥದವರ ಹಳೇ ಸ್ಮಶಾನ ಇದೆ, ಹೆಸರು 'ಗಾಡ್ಸ್ ಏಕರ್'. ಬಡವ ಶ್ರೀಮಂತ ಅನ್ನದೆ ಎಲ್ಲರಿಗೂ ಒಂದೇ ಥರದ ಚಪ್ಪಟೆ ಬಿಳಿ ಕಲ್ಲು. 1772ರಿಂದಲೂ ಅಲ್ಲಿ ಈಸ್ಟರ್ ದಿನ ಸೂರ್ಯೋದಯದ ಪ್ರಾರ್ಥನೆ ನಡೆದುಕೊಂಡು ಬಂದಿದೆ. ಆದರೆ ಅದು ಈಸ್ಟರ್ ಬೆಳಗು, ಅಕ್ಟೋಬರಿನ ಕತ್ತಲಲ್ಲ.

ಅಮೆರಿಕದಲ್ಲಿ ಮೊದಲು ಬಂದಿಳಿದ ಪ್ಯೂರಿಟನ್ನರು ಹ್ಯಾಲೋವೀನ್ ಬಿಡಿ, ಕ್ರಿಸ್‌ಮಸ್ಸನ್ನೇ ಮಾಡ್ತಿರಲಿಲ್ಲ. ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ 1659ರಿಂದ 1681ರ ತನಕ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ ಇತ್ತು! ಹ್ಯಾಲೋವೀನ್ ಇಲ್ಲಿ ಬೇರು ಬಿಟ್ಟಿದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಆಲೂಗಡ್ಡೆ ಬರಗಾಲಕ್ಕೆ ಸಿಕ್ಕು ವಲಸೆ ಬಂದ ಐರಿಷರ ಜೊತೆ. ಅಲ್ಲಿ ಟರ್ನಿಪ್ ಗಡ್ಡೆ ಕೊರೆದು ದೀಪ ಇಡ್ತಿದ್ದವರಿಗೆ ಇಲ್ಲಿ ದೊಡ್ಡ ಕುಂಬಳಕಾಯಿ ಸಿಕ್ತು. ಅಂದರೆ ಇದೂ ಒಂದು ವಲಸೆಗಾರರ ಹಬ್ಬವೇ. ಇಪ್ಪತ್ತನೇ ಶತಮಾನದ ಮೊದಲ ಅರ್ಧದಲ್ಲಿ ಹುಡುಗರ ಪುಂಡಾಟ ತಡೆಯೋಕೆ ಅಂತ ಊರಿನವರು ಪಾರ್ಟಿ, ಮೆರವಣಿಗೆ ಶುರು ಮಾಡಿದರು. ಎರಡನೇ ಮಹಾಯುದ್ಧದ ಸಕ್ಕರೆ ರೇಷನ್ ಮುಗಿದ ಮೇಲೆ ಕ್ಯಾಂಡಿ ಹಂಚುವ ಈಗಿನ ರೂಪ ದೇಶಕ್ಕೆಲ್ಲ ಹರಡಿತು. ಆಗ ಚರ್ಚುಗಳಿಗೆ ತಕರಾರೇನೂ ಇರಲಿಲ್ಲ. ಚರ್ಚಿನ ಬೇಸ್‌ಮೆಂಟುಗಳಲ್ಲೇ ಹ್ಯಾಲೋವೀನ್ ಪಾರ್ಟಿ ನಡೀತಿತ್ತು. 1950ರಲ್ಲಿ ಫಿಲಡೆಲ್ಫಿಯಾದ ಕಡೆಯ ಪ್ರೆಸ್ಬಿಟೇರಿಯನ್ ಪಾದ್ರಿ ಕ್ಲೈಡ್ ಆಲಿಸನ್ ಮತ್ತು ಹೆಂಡತಿ ಮೇರಿ ಎಮ್ಮಾ ಆಲಿಸನ್, ಮಕ್ಕಳ ಕೈಗೆ ಡಬ್ಬ ಕೊಟ್ಟು ಕ್ಯಾಂಡಿ ಜೊತೆ ಯುನಿಸೆಫ್‌ಗೆ ಚಿಲ್ಲರೆ ಕಾಸೂ ಕೇಳಿಸಿದರು. ಆ ಕಿತ್ತಳೆ ಬಣ್ಣದ ಡಬ್ಬ ಆಮೇಲೆ ಎಷ್ಟೋ ದೇಶಗಳಿಗೆ ಹೋಯ್ತು. ನನ್ನ ಕೇಳಿದರೆ ಚರ್ಚು ಹ್ಯಾಲೋವೀನಿಗೆ ಕೊಟ್ಟ ಉತ್ತರಗಳಲ್ಲಿ ಎಲ್ಲಕ್ಕಿಂತ ಚೆಂದದ್ದು ಇದು. ಹಬ್ಬವನ್ನ ಬೈಯಲೂ ಇಲ್ಲ, ಬದಲಿಸಲೂ ಇಲ್ಲ, ಒಂದು ಡಬ್ಬ ಸೇರಿಸಿದರು ಅಷ್ಟೇ.

ಹಾಗಾದ್ರೆ ಕೆಟ್ಟಿದ್ದು ಯಾವಾಗ? ಎಪ್ಪತ್ತು ಎಂಬತ್ತರ ದಶಕಗಳಲ್ಲಿ. ಕಾರಣ ಒಂದಲ್ಲ. 1973ರಲ್ಲಿ 'ದಿ ಎಕ್ಸಾರ್ಸಿಸ್ಟ್' ಸಿನಿಮಾ ಬಂತು, ದೆವ್ವ ಬಿಡಿಸುವ ಪಾದ್ರಿ ಉರುಳಿ ಬೀಳುವ 75 ಮೆಟ್ಟಿಲು ಇರೋದು ಇಲ್ಲೇ ಡಿ.ಸಿ.ಯ ಜಾರ್ಜ್‌ಟೌನ್‌ನಲ್ಲಿ. ಕಾದಂಬರಿ ಬರೆದ ವಿಲಿಯಂ ಪೀಟರ್ ಬ್ಲಾಟಿ ಅಲ್ಲಿನ ಜೆಸ್ಯೂಟ್ ವಿಶ್ವವಿದ್ಯಾಲಯದಲ್ಲಿ ಓದುವಾಗ, 1949ರಲ್ಲಿ, ಪಕ್ಕದ ಮೇರಿಲ್ಯಾಂಡಿನ ಒಬ್ಬ ಹುಡುಗನ ಮೈಮೇಲೆ ಬಂದ ಭೂತದ ಸುದ್ದಿ ಪೇಪರಿನಲ್ಲಿ ಓದಿದ್ದ, ಅದೇ ಕಥೆಗೆ ಬೀಜ. (2015ರಲ್ಲಿ ಆ ಮೆಟ್ಟಿಲಿಗೆ ಫಲಕ ಕೂಡ ಹಾಕಿದ್ದಾರೆ, ಊರಿನಿಂದ ಗೆಳೆಯರು ಬಂದರೆ ಲಿಂಕನ್ ಮೆಮೋರಿಯಲ್ ಆದ ಮೇಲೆ ಅಲ್ಲಿಗೇ ಕರೆದುಕೊಂಡು ಹೋಗೋದು.) 1974ರ ಹ್ಯಾಲೋವೀನ್ ದಿನ ಟೆಕ್ಸಾಸಿನಲ್ಲಿ ಎಂಟು ವರ್ಷದ ಹುಡುಗನೊಬ್ಬ ಸಯನೈಡ್ ಬೆರೆಸಿದ ಕ್ಯಾಂಡಿ ತಿಂದು ಸತ್ತ. 1982ರಲ್ಲಿ ಶಿಕಾಗೋದಲ್ಲಿ ಟೈಲೆನಾಲ್ ಮಾತ್ರೆಗೆ ಯಾರೋ ವಿಷ ಬೆರೆಸಿ ಏಳು ಜನ ಸತ್ತರು. ಅಲ್ಲಿಂದ ಮುಂದೆ 'ಅಪರಿಚಿತರು ಕೊಡುವ ಕ್ಯಾಂಡಿಯಲ್ಲಿ ವಿಷ, ಸೇಬಿನಲ್ಲಿ ಬ್ಲೇಡು' ಅನ್ನೋ ಭಯ ಮನೆಮನೆಗೆ ಹೊಕ್ಕಿತು. ಎಂಬತ್ತರ ದಶಕದಲ್ಲಿ ಸೈತಾನನ ಗುಪ್ತ ಪಂಥಗಳು ಮಕ್ಕಳನ್ನ ಬಲಿ ಕೊಡ್ತಿವೆ ಅನ್ನೋ ಸುದ್ದಿ ಬೇರೆ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಡೆಲವೇರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ 1958ರಿಂದೀಚಿನ ಇಂಥ ವರದಿಗಳನ್ನೆಲ್ಲ ದಶಕಗಟ್ಟಲೆ ಜಾಲಾಡಿದ್ದಾರೆ. ಅಪರಿಚಿತರು ಹಂಚಿದ ಹ್ಯಾಲೋವೀನ್ ಕ್ಯಾಂಡಿಯ ವಿಷದಿಂದ ಮಗುವೊಂದು ಸತ್ತ ಒಂದೇ ಒಂದು ಖಚಿತ ಪ್ರಕರಣ ಅವರಿಗೆ ಸಿಗಲಿಲ್ಲ. ಹಾಗಾದ್ರೆ ಟೆಕ್ಸಾಸಿನ ಆ ಹುಡುಗ? ಅವನಿಗೆ ವಿಷ ಕೊಟ್ಟಿದ್ದು ಅಪರಿಚಿತನಲ್ಲ, ಇನ್ಶೂರೆನ್ಸ್ ಹಣಕ್ಕಾಗಿ ಅವನ ಅಪ್ಪನೇ. ಆ ಅಪ್ಪ ತನ್ನ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಡೀಕನ್ ಆಗಿದ್ದವನು. 1984ರಲ್ಲಿ ಅವನಿಗೆ ಮರಣದಂಡನೆ ಆಯ್ತು. ಬೀದಿ ಅಪಾಯ, ಚರ್ಚಿನ ಅಂಗಳ ಕ್ಷೇಮ ಅಂತ ಮುಂದೆ ಬಂದ ಮಾತಿಗೆ ಮೂಲದಲ್ಲೇ ಇಂಥ ಒಂದು ವಿಚಿತ್ರ ಇದೆ.

ಈ ಭಯಕ್ಕೆ ಚರ್ಚುಗಳು ಕೊಟ್ಟ ಮೊದಲ ಉತ್ತರ ಇನ್ನೂ ಹೆಚ್ಚಿನ ಭಯ! ನಮ್ಮ ವರ್ಜೀನಿಯಾದ್ದೇ ಲಿಂಚ್‌ಬರ್ಗ್, ಡಿ.ಸಿ.ಯಿಂದ ಮೂರೂವರೆ ಗಂಟೆ ಡ್ರೈವು. ಜೆರ್ರಿ ಫಾಲ್ವೆಲ್ ಅಲ್ಲಿ ಕಟ್ಟಿದ ಕಾಲೇಜಿನವರು, ಅಂದರೆ ಈಗಿನ ಲಿಬರ್ಟಿ ವಿಶ್ವವಿದ್ಯಾಲಯದವರು, 1972ರಲ್ಲಿ 'ಸ್ಕೇರ್‌ಮೇರ್' ಅನ್ನೋ ಭೂತಬಂಗಲೆ ಶುರು ಮಾಡಿದರು. ಕತ್ತಲ ಕೋಣೆಗಳಲ್ಲಿ ಸಾವಿನ ದೃಶ್ಯಗಳು, ಕೊನೆಗೆ ಬಂದವರನ್ನ ಕೂರಿಸಿಕೊಂಡು ಯೇಸುವಿನ ಬಗ್ಗೆ ಮಾತು. ಆಮೇಲೆ ಕೊಲರಾಡೋದ ಪಾದ್ರಿ ಕೀನನ್ ರಾಬರ್ಟ್ಸ್ 'ಹೆಲ್ ಹೌಸ್' ಅಂತ ಇನ್ನೂ ಖಾರದ್ದು ಮಾಡಿ, ಸ್ಕ್ರಿಪ್ಟ್ ಸಮೇತ ಕಿಟ್ ಮಾಡಿ ದೇಶದ ಬೇರೆ ಚರ್ಚುಗಳಿಗೆ ಮಾರಿದ. ಅದರ ಕೋಣೆಗಳಲ್ಲಿ ಮಾಟಗಾತಿ, ಡ್ರಾಕುಲಾ ಯಾರೂ ಇಲ್ಲ. ಗರ್ಭಪಾತ ಮಾಡಿಸಿಕೊಂಡ ಹುಡುಗಿ, ಏಡ್ಸ್‌ನಿಂದ ಸಾಯುತ್ತಿರುವ ಸಲಿಂಗಿ, ಕುಡಿದು ಕಾರು ಓಡಿಸಿದವನು, ಆತ್ಮಹತ್ಯೆ ಮಾಡಿಕೊಂಡವನು. ಎಲ್ಲರನ್ನೂ ಸೈತಾನ ಎಳೆದುಕೊಂಡು ಹೋಗ್ತಾನೆ. 2001ರಲ್ಲಿ ಜಾರ್ಜ್ ರಾಟ್‌ಲಿಫ್ ಟೆಕ್ಸಾಸಿನ ಒಂದು ಚರ್ಚಿನ ಹೆಲ್ ಹೌಸ್ ಮೇಲೆ ಸಾಕ್ಷ್ಯಚಿತ್ರ ತೆಗೆದ, ಅದರ ಹೆಸರೂ 'ಹೆಲ್ ಹೌಸ್'. ನೋಡಿ, ಯಾರನ್ನೂ ಗೇಲಿ ಮಾಡದೆ ತೆಗೆದಿದ್ದಾನೆ, ಅದಕ್ಕೇ ಹೆಚ್ಚು ಕಲಕುತ್ತೆ. ಗರುಡ ಪುರಾಣದ ಕುದಿಯುವ ಎಣ್ಣೆಯ ಕೊಪ್ಪರಿಗೆ ಕೇಳಿ ಬೆಳೆದವರು ನಾವು, ನರಕ ತೋರಿಸಿ ಹೆದರಿಸೋದು ಹೊಸದೇನಲ್ಲ. ಆದರೆ ನೋಡೋಕೆ ಬಂದ ಹದಿನೈದು ವರ್ಷದ ಹುಡುಗಿಯ ಎದುರು ಅವಳ ಅಕ್ಕನದ್ದೋ ಗೆಳತಿಯದ್ದೋ ಬದುಕನ್ನೇ ನರಕ ಅಂತ ಆಡಿ ತೋರಿಸೋದಿದೆಯಲ್ಲ, ಅದು ನನಗೆ ಹಿಡಿಸಲಿಲ್ಲ.

ಕೆರೊಲೈನಾದ ಇನ್ನೊಂದು ಕಥೆ ಹೇಳಲೇಬೇಕು. ಗುಡ್ಡಗಾಡಿನ ಕ್ಯಾಂಟನ್ ಅನ್ನೋ ಊರಿನ 'ಅಮೇಜಿಂಗ್ ಗ್ರೇಸ್ ಬ್ಯಾಪ್ಟಿಸ್ಟ್ ಚರ್ಚ್' 2009ರ ಹ್ಯಾಲೋವೀನ್ ರಾತ್ರಿಗೆ ಪುಸ್ತಕ ಸುಡುವ ಕಾರ್ಯಕ್ರಮ ಇಟ್ಟುಕೊಂಡಿತು. ಸುಡೋದು ಯಾವುದನ್ನ? ಹಳೇ ಕಿಂಗ್ ಜೇಮ್ಸ್ ಬಿಟ್ಟು ಮಿಕ್ಕ ಬೈಬಲ್ ಅನುವಾದಗಳನ್ನ! ಜೊತೆಗೆ ಮದರ್ ತೆರೇಸಾ, ಬಿಲಿ ಗ್ರಹಾಂ ಅಂಥವರ ಪುಸ್ತಕಗಳನ್ನ. ಬಿಲಿ ಗ್ರಹಾಂ ಅಂದ್ರೆ ನಾರ್ತ್ ಕೆರೊಲೈನಾದಲ್ಲೇ ಹುಟ್ಟಿ ಬೆಳೆದ, ಇಡೀ ಅಮೆರಿಕಕ್ಕೇ ಪಾದ್ರಿ ಅನ್ನಿಸಿಕೊಂಡಿದ್ದ ಮನುಷ್ಯ. ಸಣ್ಣ ಚರ್ಚು, ಸದಸ್ಯರು ಬೆರಳೆಣಿಕೆ, ಆದರೆ ಸುದ್ದಿ ಮಾತ್ರ ಜಗತ್ತಿಗೆಲ್ಲ ಹೋಯ್ತು. ಆ ದಿನ ಮಳೆ ಬಂತು, ಮೇಲಿಂದ ಕಾಗದ ಸುಡೋದಕ್ಕೆ ರಾಜ್ಯದ ಪರಿಸರ ಕಾನೂನೂ ಅಡ್ಡ ಬಂತು. ಕೊನೆಗೆ ಪುಸ್ತಕಗಳನ್ನ ಹರಿದು ಹಾಕಿ ಮುಗಿಸಿದರು. ಹೀಗೂ ಒಂದು ಪರ್ಯಾಯ ಹಬ್ಬ!

ಇಂಥವು ಸುದ್ದಿಯಾಗ್ತವೆ, ಆದರೆ ಹೆಚ್ಚಿನ ಚರ್ಚುಗಳು ಹೀಗಿಲ್ಲ. ವಾಷಿಂಗ್ಟನ್ ನ್ಯಾಶನಲ್ ಕಥೀಡ್ರಲ್ ಎಪಿಸ್ಕೋಪಲ್ ಪಂಥದ್ದು. ಅದರ ಗೋಪುರದ ಮೇಲೆ ಡಾರ್ತ್ ವೇಡರನ ತಲೆ ಕೆತ್ತಿಸಿಟ್ಟಿದ್ದಾರೆ, ಎಂಬತ್ತರ ದಶಕದಲ್ಲಿ ಮಕ್ಕಳಿಗೆ ಇಟ್ಟ ಸ್ಪರ್ಧೆಯಲ್ಲಿ ಬಹುಮಾನ ಬಂದ ಚಿತ್ರ ಅದು. ಅಂಥವರಿಗೆ ಹ್ಯಾಲೋವೀನ್ ಯಾವ ಲೆಕ್ಕ! ಅವರ ಪೂಜಾಪುಸ್ತಕಗಳಲ್ಲೊಂದರಲ್ಲಿ ಆಲ್ ಹ್ಯಾಲೋಸ್ ಈವ್‌ಗೆಂದೇ ಒಂದು ಪ್ರಾರ್ಥನಾ ವಿಧಿ ಇದೆ. ಅದರಲ್ಲಿ ಸೌಲ ರಾಜ ಏಂದೋರಿನ ಮಾಟಗಾತಿಯಿಂದ ಸತ್ತ ಸಮುವೇಲನನ್ನು ಎಬ್ಬಿಸುವ ಕಥೆ, ಕಣಿವೆಯ ಒಣಮೂಳೆಗಳು ಎದ್ದು ನಿಲ್ಲುವ ಕಥೆ ಓದ್ತಾರೆ. ದೆವ್ವದ ಕಥೆ ಬೇಕಾ, ನಮ್ಮ ಪುಸ್ತಕದಲ್ಲೇ ಇದೆಯಲ್ಲ ಅನ್ನೋ ಧಾಟಿ. ಕ್ಯಾಥೊಲಿಕ್ಕರು ಮಕ್ಕಳಿಗೆ ಸಂತರ ವೇಷ ಹಾಕಿಸ್ತಾರೆ. ಕುಡ್ಲದ ಕಡೆಯ ಕ್ಯಾಥೊಲಿಕ್ ಗೆಳೆಯನೊಬ್ಬ ಇಲ್ಲಿದ್ದಾನೆ, ಅವನ ಪ್ರಕಾರ ಈ ಗದ್ದಲವೆಲ್ಲ ಅಮೆರಿಕದ್ದು, ಅವನ ಅಮ್ಮನಿಗೆ ಮುಖ್ಯವಾದದ್ದು ನವೆಂಬರ್ 2, ಅಂದು ಸಮಾಧಿ ತೊಳೆದು ಹೂ ಇಟ್ಟು ಮೇಣದ ಬತ್ತಿ ಹಚ್ಚಬೇಕು. ಅಷ್ಟೇ.

ದಕ್ಷಿಣದವರಿಗೆ ಇನ್ನೊಂದು ಪೇಚು ಇದೆ, 31 ಭಾನುವಾರ ಬಿದ್ದರೆ? ಭಾನುವಾರ ದೇವರ ದಿನ, ಅವತ್ತು ದೆವ್ವದ ವೇಷವೇ? ಅಟ್ಲಾಂಟಾ ಹತ್ತಿರದ ನ್ಯೂನನ್ ಊರಿನಲ್ಲಿ 1999ರಲ್ಲಿ ಹೀಗಾದಾಗ ಆಡಳಿತದವರು ಟ್ರಿಕ್ ಆರ್ ಟ್ರೀಟನ್ನು ಶನಿವಾರಕ್ಕೆ ತಳ್ಳಿದರು, ಜನ ಕೂಗಾಡಿದರು. 2004ರಲ್ಲಿ ಮತ್ತೆ ಭಾನುವಾರ ಬಂದಾಗ, ಬೇಡಪ್ಪ ಸಹವಾಸ ಅಂತ ಭಾನುವಾರವೇ ಇರಲಿ ಅಂದರು. ಏಕಾದಶಿ ಸ್ಮಾರ್ತರಿಗೆ ಇವತ್ತೋ ವೈಷ್ಣವರಿಗೆ ನಾಳೆಯೋ ಅಂತ ಪಂಚಾಂಗ ಹಿಡಿದು ಜಗಳ ಆಡುವ ನಮ್ಮವರನ್ನ ಇಲ್ಲಿಗೆ ಕಳಿಸಿದ್ದರೆ ಬಗೆಹರಿಸಿಬಿಡ್ತಿದ್ದರು :)

ಈಗ ನಮ್ಮ ವಿಷಯ. ಟ್ರಂಕ್ ಆರ್ ಟ್ರೀಟ್ ತೊಂಬತ್ತರ ದಶಕದಲ್ಲಿ ಹರಡಿದ್ದು, ಈಗಂತೂ ಎಲ್ಲೆಲ್ಲೂ ಅದೇ. ಲೈಫ್‌ವೇ ಅನ್ನೋ ಬ್ಯಾಪ್ಟಿಸ್ಟ್ ಸಂಸ್ಥೆ 2022ರಲ್ಲಿ ಪ್ರೊಟೆಸ್ಟಂಟ್ ಪಾದ್ರಿಗಳ ಸಮೀಕ್ಷೆ ಮಾಡಿದಾಗ, ಹತ್ತರಲ್ಲಿ ಏಳು ಜನ 'ನೆರೆಹೊರೆಯವರನ್ನ ಚರ್ಚಿನ ಇಂಥ ಕಾರ್ಯಕ್ರಮಕ್ಕೆ ಕರೀರಿ ಅಂತ ನಮ್ಮವರಿಗೆ ಹೇಳ್ತೀವಿ' ಅಂದರು. ನೆರೆಹೊರೆ ಅಂದ್ರೆ ಯಾರು? ಇಲ್ಲಿ ಲೌಡನ್ ಕೌಂಟಿಯಲ್ಲಾಗಲಿ, ಅಟ್ಲಾಂಟಾದ ಆಲ್ಫರೆಟ್ಟಾ, ಕಮಿಂಗ್‌ನಲ್ಲಾಗಲಿ, ಶಾರ್ಲೆಟ್ಟಿನ ಬ್ಯಾಲಂಟೈನ್‌ನಲ್ಲಾಗಲಿ, ಆ ನೆರೆಹೊರೆ ನಾವೇ. ಕನ್ನಡ, ತೆಲುಗು, ತಮಿಳು ಮನೆಗಳ ಮಕ್ಕಳು ಚಿಟ್ಟೆಯ ರೆಕ್ಕೆ ಕಟ್ಟಿಕೊಂಡು ಆ ಸಾಲಿನಲ್ಲಿ ನಿಂತಿರ್ತಾರೆ. ಹೋದ ಸಲ ಸ್ನೇಹಿತರೊಬ್ಬರ ಮಗಳನ್ನ ಕರೆದುಕೊಂಡು ನಾನೂ ಹೋಗಿದ್ದೆ. ಜನ ತುಂಬ ಒಳ್ಳೆಯವರು. ನಟ್ ಅಲರ್ಜಿ ಇದೆಯಾ, ಜೆಲಟಿನ್ ತಿಂತೀರಾ ಅಂತ ಕೇಳಿ ಕೇಳಿ ಕೊಟ್ಟರು. ಮನೆಗೆ ಬಂದು ಚೀಲ ಸುರಿದರೆ ಚಾಕಲೇಟಿನ ಮಧ್ಯೆ ಅಂಗೈ ಅಗಲದ ಕಾಮಿಕ್ ಪುಸ್ತಕ. 2016ರಲ್ಲಿ ತೀರಿಕೊಂಡ ಜ್ಯಾಕ್ ಚಿಕ್ ಅನ್ನೋ ಕ್ಯಾಲಿಫೋರ್ನಿಯಾದವನು ಅರ್ಧ ಶತಮಾನ ಇಂಥವನ್ನೇ ಬರೆದು ಹಂಚಿಸಿದ, ಹ್ಯಾಲೋವೀನ್ ಅಂದ್ರೆ ಅವನ ಪುಸ್ತಿಕೆಗಳಿಗೆ ಸುಗ್ಗಿ. ಇದರಲ್ಲಿ ಯೇಸುವನ್ನ ಒಪ್ಪದೆ ಸತ್ತವನು ಬೆಂಕಿಗೆ ಬೀಳ್ತಾನೆ. ಆರು ವರ್ಷದ ಹುಡುಗಿ ಚಿತ್ರ ತೋರಿಸಿ ಕೇಳಿದಳು, 'ಈ ಅಂಕಲ್ ಏನು ತಪ್ಪು ಮಾಡಿದ್ರು?' ಅವಳಪ್ಪ ಆರು ತಿಂಗಳ ಹಿಂದಷ್ಟೇ ಊರಿಗೆ ಹೋಗಿ ತಮ್ಮ ತಂದೆಯ ಕರ್ಮ ಮುಗಿಸಿಕೊಂಡು ಬಂದಿದ್ದರು. ಪುಸ್ತಿಕೆ ತಗೊಂಡು ಕಿಚನ್ ಡ್ರಾಯರಿನಲ್ಲಿ ಹಾಕಿದರು, ಏನೂ ಹೇಳಲಿಲ್ಲ.

ಇದಕ್ಕೆ ಏನು ಮಾಡಬೇಕು? 'ಹೋಗಲೇಬೇಡಿ' ಅನ್ನೋರು ಇದ್ದಾರೆ. ಪಕ್ಕದ ಮನೆಯ ಭಾರತೀಯ ಕ್ರೈಸ್ತರೊಬ್ಬರು ನಾವು ಕೊಟ್ಟ ಗಣೇಶನ ಪ್ರಸಾದ ಬೇಡ ಅಂದರು ಅಂತ ಬೇಜಾರು ಮಾಡಿಕೊಂಡವರನ್ನೂ ನೋಡಿದ್ದೇನೆ. ಎರಡೂ ಒಂದೇ ಜಾಗದಿಂದ ಬರೋದು. ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ವಿಗ್ರಹಕ್ಕೆ ಅರ್ಪಿಸಿದ ಆಹಾರ ತಿನ್ನಬಹುದೇ ಅನ್ನೋದರ ಬಗ್ಗೆ ಮೂರು ಅಧ್ಯಾಯ ಚರ್ಚೆ ಇದೆ. ನಮ್ಮ ಪ್ರಸಾದದ ಪ್ರಶ್ನೆಗೂ ಅದೇ ಅಧ್ಯಾಯ, ಹ್ಯಾಲೋವೀನ್ ಕ್ಯಾಂಡಿಯ ಪ್ರಶ್ನೆಗೂ ಅದೇ ಅಧ್ಯಾಯ. ಪೌಲನ ಉತ್ತರ ನೇರವಾಗಿ ಹೌದು ಅಥವಾ ಇಲ್ಲ ಅಂತಿಲ್ಲ, ವಿಗ್ರಹದಲ್ಲಿ ಏನೂ ಇಲ್ಲ, ಆದರೆ ನಿನ್ನ ತಿನ್ನುವಿಕೆಯಿಂದ ಇನ್ನೊಬ್ಬನ ನಂಬಿಕೆ ಅಲುಗಾಡಬಾರದು, ಹಾಗೇ ವಿಗ್ರಹದ ಪಂಕ್ತಿಯಲ್ಲಿ ಪಾಲುದಾರನಾಗಬೇಡ ಅಂತ ಎರಡೂ ಕಡೆ ಎಳೀತಾನೆ. ಎರಡು ಸಾವಿರ ವರ್ಷವಾದರೂ ಅವರವರಲ್ಲೇ ತೀರ್ಮಾನ ಆಗಿಲ್ಲ, ಇನ್ನು ಪಕ್ಕದ ಮನೆಯವರ ಮೇಲೆ ನಾವ್ಯಾಕೆ ಮುನಿಸಿಕೊಳ್ಳೋದು.

ನನಗೆ ನಿಜಕ್ಕೂ ಬೇಸರ ತರೋದು ಪುಸ್ತಿಕೆ ಅಲ್ಲ, ಬೀದಿ. ಅಮೆರಿಕದ ಸಬರ್ಬ್‌ನಲ್ಲಿ ವರ್ಷಪೂರ್ತಿ ಯಾರ ಬಾಗಿಲನ್ನೂ ಯಾರೂ ತಟ್ಟೋದಿಲ್ಲ. ಗ್ಯಾರೇಜ್ ತೆರೆಯುತ್ತೆ, ಕಾರು ಒಳಗೆ ಹೋಗುತ್ತೆ, ಗ್ಯಾರೇಜ್ ಮುಚ್ಚುತ್ತೆ. ಹೇಳದೆ ಕೇಳದೆ ಅಪರಿಚಿತರ ಮನೆ ಬೆಲ್ ಒತ್ತಬಹುದಾದ ಒಂದೇ ಒಂದು ರಾತ್ರಿ ಇದು. ಮೂರು ಮನೆ ಆಚೆ ಇರುವ ಮುದುಕ ಒಂಟಿ ಅಂತ ನನಗೆ ಗೊತ್ತಾಗಿದ್ದೇ ಹೀಗೆ. ಆತ ಚಿಟ್ಟೆ ವೇಷದ ಹುಡುಗಿಗೆ ಒಂದು ಬೊಗಸೆ ಕ್ಯಾಂಡಿ ಕೊಟ್ಟು, ಇವತ್ತು ನೀವೇ ಮೊದಲನೆಯವರು ಅಂದ. ಆಗ ಗಂಟೆ ಎಂಟು! ಮಿಕ್ಕ ಮಕ್ಕಳೆಲ್ಲ ಪಾರ್ಕಿಂಗ್ ಲಾಟಿನಲ್ಲಿ ಮುಗಿಸಿಕೊಂಡು ಮನೆಗೆ ಹೋಗಿದ್ದರು. ಕಾರಿನ ಡಿಕ್ಕಿಯಲ್ಲಿ ಕ್ಯಾಂಡಿ ಸಿಗುತ್ತೆ, ಆ ಮುದುಕ ಸಿಗೋದಿಲ್ಲ. ಮಲೆನಾಡಿನಲ್ಲಿ ದೀಪಾವಳಿಗೆ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಹಾಡ್ತಾ ಕತ್ತಲಲ್ಲಿ ಗದ್ದೆ ತೋಟ ದಾಟಿ ಮನೆಮನೆಗೆ ಹೋಗ್ತಾರೆ, ಮನೆಯವರು ಎಣ್ಣೆ ಎರೆದು ಅಕ್ಕಿ, ಕಾಸು ಕೊಡ್ತಾರೆ. ಅದನ್ನ ಊರ ಸಮುದಾಯ ಭವನದಲ್ಲಿ ಸಂಜೆ ಆರರಿಂದ ಏಳೂವರೆ ಅಂತ ಮಾಡಿದರೆ ಹೇಗಿರುತ್ತೆ ಯೋಚಿಸಿ. ಹಾಗಂತ ಚರ್ಚಿನವರನ್ನಷ್ಟೇ ದೂರೋಕಾಗಲ್ಲ. ಫುಟ್‌ಪಾತ್ ಇಲ್ಲದ ರಸ್ತೆ, ವೇಗದ ಕಾರುಗಳು, ದೂರ ದೂರದ ಮನೆಗಳು ಇರುವ ಕಡೆ ಟ್ರಂಕ್ ಆರ್ ಟ್ರೀಟ್ ಇಲ್ಲದಿದ್ದರೆ ಮಕ್ಕಳಿಗೆ ಏನೂ ಇರೋದಿಲ್ಲ, ಅದೂ ನಿಜವೇ.

2024ರಲ್ಲಿ ದೀಪಾವಳಿಯೂ ಅಕ್ಟೋಬರ್ 31ಕ್ಕೇ ಬಂದಿತ್ತು. ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಚರ್ಚೆಯೋ ಚರ್ಚೆ. ಲಕ್ಷ್ಮಿ ಬರುವ ಹೊತ್ತಿಗೆ ಬಾಗಿಲಲ್ಲಿ ಅಸ್ಥಿಪಂಜರ ನೇತು ಹಾಕೋದಾ, ಇದು ಪ್ರೇತಪೂಜೆ, ನಮ್ಮ ಸಂಸ್ಕೃತಿಯಲ್ಲ, ಮಕ್ಕಳಿಗೆ ರಾಮ ಸೀತೆ ವೇಷ ಹಾಕಿಸಿ ದೇವಸ್ಥಾನದಲ್ಲಿ ಬೇರೆ ಕಾರ್ಯಕ್ರಮ ಮಾಡೋಣ ಅಂತ ಒಬ್ಬರು ಉದ್ದಕ್ಕೆ ಬರೆದಿದ್ದರು. ಹೆಸರು ಬದಲಿಸಿದರೆ ಯಾವುದೇ ಬ್ಯಾಪ್ಟಿಸ್ಟ್ ಪಾದ್ರಿ ಸಹಿ ಹಾಕಬಹುದಾದ ಪತ್ರ! ಕಡೆಗೆ ನಮ್ಮ ಬೀದಿಯಲ್ಲಿ ಆದದ್ದೇ ಬೇರೆ. ಒಂದೇ ಮೆಟ್ಟಿಲ ಮೇಲೆ ಹಣತೆ ಸಾಲು, ಪಕ್ಕದಲ್ಲಿ ಹಲ್ಲು ಕಿರಿಯುವ ಕುಂಬಳಕಾಯಿ, ಬಟ್ಟಲಲ್ಲಿ ಕಿಟ್‌ಕ್ಯಾಟ್ ಜೊತೆ ಕೊಬ್ಬರಿ ಮಿಠಾಯಿ. ಜರಿ ಲಂಗದ ಮೇಲೆ ಮಾಟಗಾತಿ ಟೋಪಿ ಹಾಕಿಕೊಂಡ ಹುಡುಗಿಯರು. ಕೊಬ್ಬರಿ ಮಿಠಾಯಿ ಮೊದಲು ಖಾಲಿಯಾಯ್ತು.

ಮಾರನೇ ದಿನ ನವೆಂಬರ್ 1, ಅವರಿಗೆ ಸರ್ವ ಸಂತರ ದಿನ, ನಮಗೆ ರಾಜ್ಯೋತ್ಸವ. ಇಲ್ಲಿನ ಕಾವೇರಿ ಕನ್ನಡ ಸಂಘ ಆಗಲಿ, ಅಟ್ಲಾಂಟಾದ ನೃಪತುಂಗ ಕನ್ನಡ ಕೂಟ ಆಗಲಿ, ಹೀಗೆ ಎಲ್ಲಾ ಒಟ್ಟಿಗೆ ಬರುವ ಕಾಲದಲ್ಲಿ ವಾರಾಂತ್ಯಕ್ಕೆ ಸಭಾಂಗಣ ಹುಡುಕೋದು ಸುಲಭವಲ್ಲ. ಮುಂದೆ 2027ರಲ್ಲಿ 31 ಭಾನುವಾರ, ದೀಪಾವಳಿ ಅಮಾವಾಸ್ಯೆ 29ಕ್ಕೆ ಶುಕ್ರವಾರ. ಶನಿವಾರ ಒಂದೇ ಖಾಲಿ, ಅದರ ಮೇಲೆ ಚರ್ಚಿನವರದ್ದೂ ಕಣ್ಣು. ಹಾಲ್ ಬುಕ್ ಮಾಡೋರು ಈಗಲೇ ಕೇಳಿಟ್ಟುಕೊಳ್ಳಿ.